ಒದ್ದೆ ಕಲೆ

ಟಿಳಕವಾಡಿಯ ಕಾಲೇಜಿನ ಹಾಲ್‌ನಲ್ಲಿ
ಬಿಳಿ ಬಟ್ಟೆ ಇಳಿಬಿಟ್ಟಿದ್ದಾರೆ.
ಬಾಗಿಲಲ್ಲಿ ನಿಂತ ಹುಡುಗ ಮಾಯಿಯ ಮುಖ, ಕೂದಲು ನೋಡಿ
ಇಂಗ್ಲಿಷಿನಲ್ಲಿ ಸ್ವಾಗತಿಸಿದ.
'ಖಾನಾಪುರ ತಾಲೂಕಿನಾಕಿ ಅದೇನಪಾ' ಅಂದಳು ಮಾಯಿ,
'ಕನ್ನಡದಾಗ ಮಾತಾಡು.'

ಇಪ್ಪತ್ತಮೂರು ವರ್ಷದ ಹಿಂದೆ
ಗುಂಜಿಯ ಆಚೆ ಕಾಡಿಗೆ ಜನರೇಟರ್ ಲಾರಿ ಬಂದಿತ್ತಂತೆ.
ಗುಲಾಮರ ಕತೆ. ಹಡಗು ಹಲಗೆಯದು,
ಸಮುದ್ರ ಆಮೇಲೆ ಸೇರಿಸುತ್ತಾರೆ.
ದಿನಕ್ಕೆ ನೂರಾ ಇಪ್ಪತ್ತು, ಊಟ ಅವರದೇ,
ಸರಪಳಿ ತಗಡಿನದು, ಭಾರ ಇಲ್ಲ, ಹೆದರಬೇಡ್ರಿ.

ಮೇಕಪ್ಪಿನವನು ಅವಳ ತೋಳಿಗೆ ಮಸಿ ತೀಡುತ್ತಾ
'ಇನ್ನೂ ಸ್ವಲ್ಪ' ಅಂದನಂತೆ.
ದೇವರು ಮುಗಿಸಿ ಕೈ ತೊಳೆದುಕೊಂಡ ಕೆಲಸಕ್ಕೆ
ಇವನದೊಂದು ಕೋಟು.

'ನಿನ್ನ ಕೂಸು ಕಸ್ಕೊಂಡು ಮಾರ್ತಾರ. ಅಳು.'
ಅತ್ತಳು.
'ಇನ್ನೊಮ್ಮೆ.'
ಅತ್ತಳು.
'ಹಿಂಗಲ್ಲ. ನಿಮ್ಮ ಮಂದಿ ಹೆಂಗ ಅಳ್ತಾರ, ಹಂಗ.'

ನಮ್ಮ ಮಂದಿ ಒಲೆಯ ಹೊಗೆಯ ನೆಪ ಮಾಡಿ ಅಳುತ್ತಾರೆ.
ಸೆರಗಿನಲ್ಲಿ ಮೂಗೊರೆಸಿ
ಸಾರಿಗೆ ಉಪ್ಪು ಸಾಕೋ ನೋಡುತ್ತಾರೆ.
ಅದಕ್ಕೆ ಲೈಟು ಸಾಲುವುದಿಲ್ಲ.

ಕೂಸೂ ಬಾಡಿಗೆಯದೇ, ಇನಾಸ ಸಿದ್ದಿಯ ಮೂರನೆಯದು.
ಅದರ ತಾಯಿ ಗೇರುಬೀಜದ ಫ್ಯಾಕ್ಟರಿಯಲ್ಲಿ;
ಹಸಿದು ಚೀರಿದಾಗ
ಹಲಗೆಯ ಹಡಗಿನ ಹಿಂದೆ ಹೋಗಿ
ಮಾಯಿಯೇ ಎದೆಗೆ ಹಚ್ಚಿಕೊಂಡಳು.

ನಾನು ಆಗ ಐದು ತಿಂಗಳವಳು,
ನಂದಗಡದಲ್ಲಿ ಅಜ್ಜಿಯ ತೊಡೆಯ ಮೇಲೆ
ಬೆಲ್ಲ ಕದಡಿದ ಗಂಜಿತಿಳಿ ಉಗುಳುತ್ತಾ.

ಈಗ ಪರದೆಯ ಮೇಲೆ ಅವಳು.
ಎರಡು ನಿಮಿಷ ಇರಬಹುದು, ಅಷ್ಟೂ ಇಲ್ಲ.
ಬೂಟಿನವನು ಕೂಸನ್ನು ಕಸಿಯುತ್ತಾನೆ,
ಅವಳು ಬಾಯಿ ತೆರೆಯುತ್ತಾಳೆ, ದನಿ ಬೇರೆ ಯಾರದೋ.
ಆಗ ನನಗೆ ಕಂಡಿತು:
ರವಿಕೆಯ ಎಡಗಡೆ
ಅಂಗೈಯಗಲ ಒಂದು ಒದ್ದೆ,
ನೋಡುನೋಡುತ್ತಾ ಹರಡುತ್ತಿದೆ.

ಹತ್ತೂವರೆ ಆಗಿದ್ದಿರಬೇಕು.
ಅದು ನನ್ನ ಹೊತ್ತು.
ಇಪ್ಪತ್ತು ಹರದಾರಿ ಕಾಡಿನಾಚೆ ನಾನು ಅತ್ತದ್ದು
ಕಿವಿಗೆ ಬೀಳದೆ ಎದೆಗೆ ಕೇಳಿಸಿತ್ತು.
ಸಿನಿಮಾದಲ್ಲಿ ನಾನು ಮಾಡಿದ ಪಾತ್ರ ಅದೊಂದೇ.

ಚಿತ್ರ ಮುಗಿದ ಮೇಲೆ ಪ್ರೊಫೆಸರರು ಮೈಕು ತಟ್ಟಿ
ಬೆವರು ಎಂದರು.
ಶತಮಾನಗಳ ದುಡಿಮೆಯ ಬೆವರು, ಮೂಕ ಮಾತೃತ್ವ,
ಭೂಮಿಯಂತೆ ಸಹಿಸುವ ಕಪ್ಪು ತಾಯಿ ಎಂದರು.
ಕೈ ಎತ್ತಬೇಕೆಂದುಕೊಂಡೆ.
ಆ ಇಡೀ ಹಾಲಿನಲ್ಲಿ
ಅದು ಹಾಲು ಅಂತ ಗೊತ್ತಿದ್ದದ್ದು ಇಬ್ಬರಿಗೇ.
ಮೂಕ ತಾಯಿ ನನ್ನ ಮೊಣಕೈ ತಿವಿದು
ಜೋರಾಗಿ ಕೇಳಿದಳು:

'ನಾ ನಕ್ಕಿದ್ದು ಎಲ್ಲೇ?
ಕೂಸು ಆ ಬೂಟಿನವನ ಮೈಮ್ಯಾಲೆ ಉಚ್ಚಿ ಹೊಯ್ತು,
ಎಲ್ಲಾರೂ ನಕ್ಕೀವಿ, ಕ್ಯಾಮೆರಾದವನೂ ನಕ್ಕ,
ಹೊಟ್ಟಿ ಹಿಡಕೊಂಡು ನಕ್ಕಿದ್ದೆ ನಾ. ಅದೆಲ್ಲೇ?'
ಕತ್ತರಿಸ್ಯಾರ, ಮಾಯಿ.
'ಯಾಕ?'

ಹೆಸರುಗಳು ಮೇಲೇರುತ್ತಿದ್ದವು.
ಅವಳಿಗೆ ಓದು ಬಾರದು, ನಾನು ಓದಿದೆ:
ಗುಲಾಮ ಹೆಂಗಸು, ಮೂರು.
ಪೆದ್ರೀನಾ ಅನ್ನುವುದಕ್ಕಿಂತ
ಎಷ್ಟೋ ಉದ್ದವಾಗಿಯೇ ಇತ್ತು.

ಬಸ್‌ಸ್ಟ್ಯಾಂಡಿನಲ್ಲಿ ಖಾನಾಪುರದ ಗಾಡಿ ಇನ್ನೂ ಹಚ್ಚಿರಲಿಲ್ಲ.
ಕಟ್ಟೆಯ ಮೇಲೆ ಕೂತು ಚಪ್ಪಲಿ ಕಳಚಿ,
ಬಹಳ ಹೊತ್ತು ಸುಮ್ಮನಿದ್ದು,
'ಹಸಿವಾತೇನ?' ಅಂದಳು.
ಇಲ್ಲ ಅಂದೆ.
'ಸುಳ್ಳ ಹೇಳ್ತಿ' ಅನ್ನುತ್ತಾ
ಸೊಂಟದ ಚೀಲ ಬಿಚ್ಚಿ ಎದ್ದಳು,
ಎರಡು ವಡಾಪಾವ್ ತಂದು
ಎರಡೂ ನನ್ನ ಕೈಗಿಟ್ಟಳು.
ನಾನು ಮುಗಿಸುವವರೆಗೂ
ಬಾಯಿಯನ್ನೇ ನೋಡುತ್ತಿದ್ದಳು.